ರೂಟರ್‌ನಿಂದ ಪಿಂಗ್ ಆಗುತ್ತೆ, ಕಂಪ್ಯೂಟರ್‌ನಿಂದ ಆಗಲ್ಲ, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ತುಮಕೂರಲ್ಲಿ ಅಂಗಡಿ ಇದೆ, ಗೋಡೌನ್ ಸ್ವಲ್ಪ ದೂರ, ಮಧ್ಯೆ ವೈರ್‌ಲೆಸ್ ಲಿಂಕ್ ಹಾಕ್ಸಿದೀವಿ. ಅಂಗಡಿ 192.168.10.0, ಗೋಡೌನ್ 192.168.20.0, ಲಿಂಕ್‌ನಲ್ಲಿ ಅಂಗಡಿ ರೂಟರ್ 10.0.0.1, ಗೋಡೌನ್‌ದು 10.0.0.2. ಎರಡೂ ಕಡೆ ಬೇರೆ ಬೇರೆ ಇಂಟರ್ನೆಟ್. ಅಂಗಡಿ ರೂಟರ್‌ನಲ್ಲಿ 192.168.20.0, ಮಾಸ್ಕ್ 255.255.255.0, ಗೇಟ್‌ವೇ 10.0.0.2 ಅಂತ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆಯೋ ದಾರಿ) ಹಾಕಿದೀನಿ. ರೂಟರ್ ಒಳಗಿಂದ ಗೋಡೌನ್ ಪ್ರಿಂಟರ್ 192.168.20.5ಗೆ ಪಿಂಗ್ ಆಗುತ್ತೆ, ಅಂಗಡಿ ಕಂಪ್ಯೂಟರ್‌ನಿಂದ ಮಾಡಿದ್ರೆ ಟೈಮ್‌ಔಟ್. ತಲೆ ಕೆಟ್ಟೋಗಿದೆ.

ಉತ್ತರ: ನೀವು ಹಾಕಿರೋ ರೂಟ್ ಸರಿಯಾಗೇ ಇದೆ, ಪ್ಯಾಕೆಟ್ ಪ್ರಿಂಟರ್‌ವರೆಗೂ ಹೋಗ್ತಿದೆ, ವಾಪಸ್ ಬರೋಕೆ ದಾರಿ ಇಲ್ಲ ಅಷ್ಟೇ. ರೂಟರ್‌ನಿಂದ ಪಿಂಗ್ ಮಾಡಿದಾಗ ಸೋರ್ಸ್ ಅಡ್ರೆಸ್ 10.0.0.1, ಅದು ಗೋಡೌನ್ ರೂಟರ್‌ಗೆ ನೇರವಾಗಿ ಕನೆಕ್ಟ್ ಆಗಿರೋ ನೆಟ್‌ವರ್ಕು, ಹಾಗಾಗಿ ಉತ್ತರ ಬರುತ್ತೆ. ಕಂಪ್ಯೂಟರ್‌ನಿಂದ ಮಾಡಿದ್ರೆ ಸೋರ್ಸ್ 192.168.10.ಏನೋ ಆಗಿರುತ್ತೆ, ಗೋಡೌನ್ ರೂಟರ್ ತನ್ನ ಟೇಬಲ್ ನೋಡುತ್ತೆ, ಆ ನೆಟ್‌ವರ್ಕ್ ಅಲ್ಲಿಲ್ಲ, ಬೇರೆ ದಾರಿ ಗೊತ್ತಿಲ್ಲದಾಗ ಹಿಡಿಯೋ ಡಿಫಾಲ್ಟ್ ರೂಟ್ ಹಿಡ್ಕೊಂಡು ಇಂಟರ್ನೆಟ್ ಕಡೆ ತಳ್ಳುತ್ತೆ, ಪ್ರೈವೇಟ್ ಅಡ್ರೆಸ್ ಆದ್ದರಿಂದ ಅಲ್ಲೇ ಸಾಯುತ್ತೆ. ಗೋಡೌನ್ ರೂಟರ್‌ನಲ್ಲಿ 192.168.10.0, ಅದೇ ಮಾಸ್ಕ್, ಗೇಟ್‌ವೇ 10.0.0.1 ಅಂತ ಸೇರಿಸಿ. ಅದನ್ನ ಸೇರಿಸೋ ಮೊದಲು ಕಂಪ್ಯೂಟರ್‌ನಿಂದ ಟ್ರೇಸ್‌ರೂಟ್ (ದಾರೀಲಿ ಸಿಗೋ ಒಂದೊಂದು ರೂಟರ್, ಅಂದ್ರೆ ಹಾಪ್, ತೋರಿಸೋ ಕಮಾಂಡ್) ಹೊಡೆದ್ರೆ ಮೊದಲನೇ ಹಾಪ್ ಬಂದು ಎರಡನೇದ್ರಿಂದ ಬರೀ ಸ್ಟಾರ್ ಬರ್ತಿರುತ್ತೆ ನೋಡಿ.

ಕೆಲವರು ಅಂಗಡಿ ರೂಟರ್‌ನ ಲಿಂಕ್ ಪೋರ್ಟ್ ಮೇಲೆ ನ್ಯಾಟ್ (ಕಂಪ್ಯೂಟರ್ ಅಡ್ರೆಸ್ ಬದಲು ರೂಟರ್ ಅಡ್ರೆಸ್ ಹಾಕಿ ಕಳಿಸೋದು) ಹಾಕಿ ಮುಗಿಸ್ತಾರೆ, ಕೆಲಸ ಆಗುತ್ತೆ, ಆದ್ರೆ ಗೋಡೌನ್‌ನಿಂದ ಈ ಕಡೆಗೆ ಏನೂ ಓಪನ್ ಆಗಲ್ಲ. ನಾನಂತೂ ಬೇಡ ಅಂತೀನಿ.

ಇನ್ನೊಬ್ಬರು: ಡಿಫಾಲ್ಟ್ ರೂಟ್ ಮೊದಲೇ ಇದೆಯಲ್ಲ ಸರ್, ಎರಡರಲ್ಲಿ ಯಾವುದು ಹಿಡಿಯುತ್ತೆ?

ಉತ್ತರ: ಯಾವುದು ಜಾಸ್ತಿ ಬಿಟ್ ಮ್ಯಾಚ್ ಆಗುತ್ತೋ ಅದು. ಡಿಫಾಲ್ಟ್ ಆದ 0.0.0.0/0ಗಿಂತ /24 (ಅಂದ್ರೆ 255.255.255.0 ಮಾಸ್ಕ್) ಗೆಲ್ಲುತ್ತೆ, ಮೊದಲು ಯಾವುದು ಟೈಪ್ ಮಾಡಿದ್ರಿ ಅನ್ನೋದು ಲೆಕ್ಕಕ್ಕಿಲ್ಲ.

ಪ್ರಶ್ನೆ ಕೇಳಿದವರು: ಪ್ರಿಂಟರ್ ಬಂತು ಸರ್!! ಟ್ಯಾಲಿ ಇರೋ ವಿಂಡೋಸ್ ಸಿಸ್ಟಮ್ ಮಾತ್ರ ಇನ್ನೂ ಪಿಂಗ್ ಆಗ್ತಿಲ್ಲ.

ಉತ್ತರ: ಅದು ರೂಟ್ ತಪ್ಪಲ್ಲ. ಬೇರೆ ಸಬ್‌ನೆಟ್‌ನಿಂದ ಬರೋ ಪಿಂಗ್‌ನ ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ತಡೆಯುತ್ತೆ. ಫೈರ್‌ವಾಲ್ ಪೂರ್ತಿ ಆಫ್ ಮಾಡೋಕೆ ಹೋಗ್ಬೇಡಿ, 192.168.10.0/24ಗೆ ಮಾತ್ರ ಅಲೋ ಮಾಡಿ. ಆಮೇಲೆ ಇನ್ನೊಂದು, ಗಾಳಿಗೆ ಡಿಶ್ ತಿರುಗಿ ಲಿಂಕ್ ಹೋದ್ರೂ ರೂಟರ್‌ಗೂ ರೇಡಿಯೋಗೂ ಮಧ್ಯದ ಕೇಬಲ್ ಅಪ್ ಇರುತ್ತಲ್ಲ, ಸ್ಟ್ಯಾಟಿಕ್ ರೂಟ್ ಹಾಗೇ ಕೂತಿರುತ್ತೆ. ಬ್ಯಾಕಪ್ ದಾರಿ ಇಡೋದಾದ್ರೆ ಗೇಟ್‌ವೇನ ಪಿಂಗ್ ಮಾಡಿ ಚೆಕ್ ಮಾಡೋ ಆಪ್ಷನ್ ನಿಮ್ಮ ರೂಟರ್‌ನಲ್ಲಿ ಇದೆಯಾ ನೋಡ್ಕೊಳ್ಳಿ, ಮೈಕ್ರೋಟಿಕ್ ಕಂಪನಿ ರೂಟರ್‌ನಲ್ಲಿ ಇದೆ.