ಸಹಾಯ ಬೇಕು: ಕಲ್ಲು ನೆಲದ ಕೃಷಿ ಹೊಂಡಕ್ಕೆ ಯಾವ ಹಾಳೆ?

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಕೋಲಾರದ ಕಡೆ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿ ಹೊಂಡಕ್ಕೆ ನೀರು ಇಂಗದಂತೆ 500 ಮೈಕ್ರಾನ್ (ಅರ್ಧ ಮಿಲಿಮೀಟರ್) ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿದ್ದೆವು. ಅಡಿಯಲ್ಲಿ ಬರೀ ಚೂಪು ಕಲ್ಲು. ಎರಡೇ ಮಳೆಗಾಲಕ್ಕೆ ತೂತು ಬಿತ್ತು, ನೀರೆಲ್ಲ ಇಂಗಿಹೋಯಿತು. (ಮೊದಲೇ ನುಣ್ಣನೆ ಮಣ್ಣು ಹಾಸಬೇಕಿತ್ತು, ಸೋಮಾರಿತನ ನಮ್ಮದೇ.)

ಈಗ ಕಾಂಪೋಸಿಟ್ ಜಿಯೋಮೆಂಬ್ರೇನ್ ನೋಡುತ್ತಿದ್ದೇನೆ. ಹಾಳೆಗೇ ಕಂಬಳಿಯಂಥ ಜಿಯೋಟೆಕ್ಸ್‌ಟೈಲ್ ಬಟ್ಟೆ ಅಂಟಿಸಿರುತ್ತಾರೆ. ಕಲ್ಲು ಚುಚ್ಚುವುದನ್ನು ಬಟ್ಟೆ ತಡೆಯುತ್ತದೆ, ಇಳಿಜಾರಿನಲ್ಲಿ ಜಾರುವುದೂ ಕಡಿಮೆ. ಆದರೆ ಹಾಳೆಗಳನ್ನು ಬಿಸಿ ಮಾಡಿ ಒಂದಕ್ಕೊಂದು ಬೆಸೆಯಲು ಅಂಚಿನಲ್ಲಿ ಬಟ್ಟೆ ಇಲ್ಲದ ಪಟ್ಟಿ ಬಿಟ್ಟಿರಬೇಕು, ಅಲ್ವಾ? ನಡುವೆ ಬಟ್ಟೆ ಸಿಕ್ಕಿಕೊಂಡರೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ.

ಯಾರಾದರೂ ಹಾಕಿಸಿದ್ದೀರಾ? ಬಟ್ಟೆ ಬೇರೆಯಾಗಿ ಹಾಸಿ, ಮೇಲೆ ಮಾಮೂಲಿ ಹಾಳೆ ಹಾಕಿದರೆ ಸಾಕಾ? ಚದರ ಮೀಟರಿಗೆ ಎಷ್ಟು ಗ್ರಾಂ ತೂಕದ ಬಟ್ಟೆ ಕೇಳಲಿ? ನಿಮ್ಮ ಹೊಂಡದ ಫೋಟೋ ಇದ್ದರೆ ದಯವಿಟ್ಟು ಹಾಕಿ.