ಬರ್ಲಿನ್ ಲೂಚಿಯಾ (1955): ಒಂದೇ ಹಾಡು ಎರಡು ಸಲ ಬರುತ್ತಿದೆ, ಫೈಲ್ ಕೆಟ್ಟಿದೆಯಾ?

ಪ್ರಶ್ನೆ:
ನಮಸ್ಕಾರ. ಇಟಲಿಯ ಸಂಗೀತಕಾರ ದೊನಿಜೆಟ್ಟಿಯ ‘ಲೂಚಿಯಾ’ ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಸಿಡಿಗಳನ್ನು ಎಂಪಿ3 ಮಾಡಿ ಫೋನಿಗೆ ಹಾಕಿಕೊಂಡೆ. 1955ರ ಸೆಪ್ಟೆಂಬರ್ 29ರಂದು ಬರ್ಲಿನ್‌ನಲ್ಲಿ ಕಾರಾಯಾನ್ ವಾದ್ಯವೃಂದವನ್ನು ನಡೆಸಿದ ಪ್ರದರ್ಶನದ ಲೈವ್ ರೆಕಾರ್ಡಿಂಗ್ ಇದು. ಫೋನಿನಲ್ಲಿ ಒಂದೇ ಆಲ್ಬಂ ಐದಾರು ಚೂರಾಗಿ ಕಾಣುತ್ತಿದೆ. ಟ್ರ್ಯಾಕ್ ಬದಲಾದಾಗ ಸಂಗೀತ ಟಕ್ ಅಂತ ನಿಂತು ಮತ್ತೆ ಶುರುವಾಗುತ್ತದೆ. ಆರು ಜನ ಸೇರಿ ಹಾಡುವ ಸೆಕ್ಸ್‌ಟೆಟ್ ಮುಗಿದ ಮೇಲೆ ಮತ್ತೊಮ್ಮೆ ಅದೇ ಬರುತ್ತದೆ. ಎರಡನೆಯದನ್ನು ಅಳಿಸಿಬಿಡಲಾ?

ಉತ್ತರ:
ದಯವಿಟ್ಟು ಅಳಿಸಬೇಡಿ! ಅದು ದೋಷ ಅಲ್ಲ. ಅವತ್ತು ಚಪ್ಪಾಳೆ ನಿಲ್ಲಲೇ ಇಲ್ಲ, ಕಾರಾಯಾನ್ ಮತ್ತೆ ಹಾಡಿಸಿದರು. ನಮ್ಮ ಕಂಪನಿ ನಾಟಕಗಳಲ್ಲಿ ‘ವನ್ಸ್ ಮೋರ್’ ಅನ್ನುತ್ತಿದ್ದರಲ್ವಾ, ಹಾಗೆಯೇ. ಲೂಚಿಯಾ ಮದುವೆ ಪತ್ರಕ್ಕೆ ಸಹಿ ಹಾಕಿದ ಕೂಡಲೇ ಅವಳ ಪ್ರಿಯಕರ ಒಳಗೆ ನುಗ್ಗುವ ಘಳಿಗೆ ಅದು. ಲೂಚಿಯಾ ಆಗಿ ಮರಿಯಾ ಕಲ್ಲಾಸ್, ಪ್ರಿಯಕರನಾಗಿ ದಿ ಸ್ತೆಫಾನೊ, ಲೂಚಿಯಾಳ ಅಣ್ಣನಾಗಿ ಪನೆರಾಯ್, ಪಾದ್ರಿಯಾಗಿ ಜಕ್ಕಾರಿಯಾ ಒಟ್ಟಿಗೆ ಹಾಡುತ್ತಾರೆ. ಮದುಮಗನ ದನಿ ಜಂಪಿಯೇರಿ, ಗೆಳತಿಯದು ಲೂಯಿಸಾ ವಿಲ್ಲಾ. ಒಮ್ಮೆ ಕಲ್ಲಾಸ್ ದನಿಯನ್ನೇ ಹಿಡಿದು ಕೇಳಿ, ಇನ್ನೊಮ್ಮೆ ಪನೆರಾಯ್ ದನಿಯನ್ನು. ಎರಡು ಸಲ ಇರುವುದೇ ಒಳ್ಳೆಯದು ಅನಿಸುತ್ತದೆ.

ಆಲ್ಬಂ ಚೂರಾಗಲು ಕಾರಣವೂ ಈ ಹಾಡುಗಾರರೇ. ಪ್ರತಿ ಟ್ರ್ಯಾಕ್‌ನಲ್ಲಿ ಬೇರೆ ಬೇರೆ ಹೆಸರು ಇರುವುದರಿಂದ ಪ್ಲೇಯರ್ ಬೇರೆ ಆಲ್ಬಂ ಅಂದುಕೊಳ್ಳುತ್ತದೆ. ಫೈಲಿನೊಳಗಿನ ಹೆಸರುಗಳನ್ನು ತಿದ್ದುವ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ತೆರೆದು ಎಲ್ಲ ಫೈಲ್ ಆಯ್ದುಕೊಂಡು, ‘ಆಲ್ಬಂ ಆರ್ಟಿಸ್ಟ್’ ಜಾಗದಲ್ಲಿ ಕಾರಾಯಾನ್ ಅಂತ ಒಂದೇ ಹೆಸರು ಕೊಡಿ. ‘ಆರ್ಟಿಸ್ಟ್’ ಜಾಗ ಮುಟ್ಟಬೇಡಿ, ಯಾರು ಹಾಡಿದ್ದು ಅಂತ ಗೊತ್ತಾಗಬೇಕು.

ನಡುವೆ ನಿಲ್ಲುವುದು ಎಂಪಿ3 ಸಮಸ್ಯೆ. ಅದು ಧ್ವನಿಯನ್ನು 1152 ಸ್ಯಾಂಪಲ್‌ಗಳ (ಧ್ವನಿಯ ಒಂದೊಂದು ಅಳತೆ) ತುಂಡು ಮಾಡಿ ಕೂಡಿಡುತ್ತದೆ, ಮೊದಲಿಗೆ ಮತ್ತು ಕೊನೆಗೆ ಒಂದಿಷ್ಟು ಮೌನ ಸೇರುತ್ತದೆ. ಬಿಡಿ ಹಾಡುಗಳಲ್ಲಿ ಅದು ಗೊತ್ತಾಗುವುದಿಲ್ಲ. ಒಪೆರಾದಲ್ಲಿ ಸಂಗೀತ ಎಲ್ಲೂ ನಿಲ್ಲದೆ ಹರಿಯುತ್ತದಲ್ಲ, ಹಾಗಾಗಿ ಎದ್ದು ಕಾಣುತ್ತದೆ. ಸಿಡಿಯಿಂದ ಮತ್ತೆ ಫ್ಲ್ಯಾಕ್ ಆಗಿ (ಧ್ವನಿ ಏನೂ ಕಳೆದುಕೊಳ್ಳದ ಫೈಲ್ ಬಗೆ) ತೆಗೆಯಿರಿ. ಇರುವ ಎಂಪಿ3ಯನ್ನೇ ಸುಮ್ನೆ ಫ್ಲ್ಯಾಕ್ ಮಾಡಿದರೆ ಆ ಮೌನ ಹಾಗೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಆಲ್ಬಂ ಒಂದಾಯಿತು, ತುಂಬಾ ಥ್ಯಾಂಕ್ಸ್. ಫ್ಲ್ಯಾಕ್ ಮಾಡಿದೆ, ಮೌನ ಹೋಯಿತು. ಆದರೆ ಈಗ ಒಂದು ಟ್ರ್ಯಾಕ್‌ನ ಕೊನೆ ಸಣ್ಣಗಾಗಿ ಮುಂದಿನದರ ಜೊತೆ ಕಲೆಸಿಕೊಳ್ಳುತ್ತಿದೆ.

ಉತ್ತರ:
ಪ್ಲೇಯರ್ ಸೆಟ್ಟಿಂಗ್‌ನಲ್ಲಿ ‘ಕ್ರಾಸ್‌ಫೇಡ್’ ಆನ್ ಆಗಿರುತ್ತದೆ. ಸೊನ್ನೆಗೆ ಇಳಿಸಿ.

ಪ್ರಶ್ನೆ ಕೇಳಿದವರು:
ಸರಿಹೋಯಿತು ಸರ್. ಸೆಕ್ಸ್‌ಟೆಟ್, ಚಪ್ಪಾಳೆ, ಮತ್ತೆ ಸೆಕ್ಸ್‌ಟೆಟ್, ಎಲ್ಲೂ ಕಡಿಯದೆ ಕೇಳಿದೆ. ಈ ಸಲ ಪನೆರಾಯ್ ದನಿ ಹಿಡಿದಿದ್ದೆ.