‘ಚಿಂಟ್ಸ್’ ಎನ್ನಲೇ, ‘ಚೀಟಿ’ ಎನ್ನಲೇ?

ಮಾನ್ಯರೇ,

ಇಂಗ್ಲೆಂಡಿನ ಹಳ್ಳಿಮನೆಯೊಂದರ ಮಲಗುವ ಕೋಣೆಯನ್ನು ಸಿಂಗರಿಸಿದ ಬಗೆಯ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೋಣೆ ಇರುವುದು ಅಟ್ಟದಲ್ಲಿ. ಮಾಡು ತಲೆಗೆ ತಾಗುವಷ್ಟು ತಗ್ಗು, ಕಿಟಕಿ ಅಂಗೈಯಗಲ. ಗೋಡೆಗೂ ಪರದೆಗೂ ಹಾಸಿಗೆಗೂ ಒಂದೇ ಹೂವಿನ ಅಚ್ಚು ಹರಡಿದರೆ ಗೋಡೆ ಎಲ್ಲಿ ಮುಗಿಯಿತು, ಮಾಡು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ, ಅಂಕುಡೊಂಕೆಲ್ಲ ಮರೆಯಾಗುತ್ತದೆ ಎನ್ನುವುದು ಲೇಖಕಿಯ ಉಪಾಯ. ಉಪಾಯ ಚೆನ್ನಾಗಿದೆ. ನಾನು ಸಿಕ್ಕಿಕೊಂಡಿರುವುದು ಆ ಹೂವಿನ ಅಚ್ಚಿನ ಹತ್ತಿಬಟ್ಟೆಯ ಹೆಸರಿನಲ್ಲಿ: ಚಿಂಟ್ಸ್.

ಇಂಗ್ಲಿಷರ ಹಳ್ಳಿಮನೆಯ ಗುರುತೇ ಆಗಿಬಿಟ್ಟಿರುವ ಈ ಬಟ್ಟೆ ಅಲ್ಲಿಗೆ ಹೋದದ್ದು ನಮ್ಮ ದೇಶದಿಂದ. ಹಿಂದಿಯ ‘ಛೀಂಟ್’ಗೆ ತಮ್ಮ ಬಹುವಚನದ ‘ಸ್’ ಸೇರಿಸಿದರು, ಆಮೇಲೆ ಅದು ಬಹುವಚನವೆಂಬುದನ್ನೇ ಮರೆತರು. ಮಚಲೀಪಟ್ಟಣದ ಸುತ್ತಿನ ಕೋರಮಂಡಲ ತೀರದ ಕುಶಲಿಗಳು ಪಟಿಕದ ನೀರು ಹಚ್ಚಿ ಬೇರಿನ ಕೆಂಪನ್ನು ನೂಲಿಗೆ ಕಚ್ಚಿಸುತ್ತಿದ್ದರು. ಎಷ್ಟು ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಯೂರೋಪು ಮರುಳಾದದ್ದು ಅದಕ್ಕೇ. ಅಲ್ಲಿಯ ಉಣ್ಣೆ, ರೇಷ್ಮೆ ನೇಯುವವರು ಹೊಟ್ಟೆಗೆ ಕಲ್ಲು ಬಿತ್ತೆಂದು ಕೂಗೆಬ್ಬಿಸಿದಾಗ, ಬ್ರಿಟನ್ನಿನ 1721ರ ಕಾಯಿದೆ ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದನ್ನೂ ಮನೆಯ ಅಲಂಕಾರಕ್ಕೆ ಬಳಸುವುದನ್ನೂ ನಿಷೇಧಿಸಿತು. ಅದು ರದ್ದಾದದ್ದು 1774ರಲ್ಲಿ.

ನಮ್ಮ ಧಾರವಾಡದ ಮನೆಯಲ್ಲಿ ಅಜ್ಜಿ ಹೂವಿನ ಅಚ್ಚಿನ ಹತ್ತಿಬಟ್ಟೆಗೆ ‘ಚೀಟಿ’ ಎನ್ನುತ್ತಿದ್ದರು. ಹಬ್ಬಕ್ಕೆ ಖಣ, ದಿನಬಳಕೆಗೆ ಚೀಟಿಯ ಪರಕಾರ, ಅಂದರೆ ಲಂಗ. ಮರಾಠಿಯಲ್ಲಿ ‘ಚೀಟ್’, ತಮಿಳಿನಲ್ಲಿ ‘ಚೀಟ್ಟಿ’, ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಹಾಗಿರುವಾಗ ಮನೆಯ ಮಾತನ್ನು ಬಿಟ್ಟು, ಲಂಡನ್ನಿಗೆ ಹೋಗಿ ಮೂಗು ಮುರಿಸಿಕೊಂಡು ಬಂದ ರೂಪವನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೆ ‘ಅವಳು ಕಿಟಕಿಗೆ ಚೀಟಿ ಕಟ್ಟಿದಳು’ ಎಂದು ಬರೆದು ನೋಡಿದೆ. ಇಂದಿನ ಓದುಗರಿಗೆ ಚೀಟಿ ಕಟ್ಟುವುದೆಂದರೆ ತಿಂಗಳ ಕಂತು! ಕಾಗದದ ಚೀಟಿ ಹುಟ್ಟಿದ್ದು ‘ಚಿಟ್ಠಿ’ಯಿಂದ, ಬಟ್ಟೆಯ ಚೀಟಿ ‘ಛೀಂಟ್’ನಿಂದ. ಕನ್ನಡದಲ್ಲಿ ಎರಡೂ ಒಂದೇ ರೂಪ ತಾಳಿದವು, ಕೊನೆಗೆ ಕಾಗದ ಬಟ್ಟೆಯನ್ನು ನುಂಗಿತು. ‘ಚೀಟಿಬಟ್ಟೆ’ ಎಂದು ಕೂಡಿಸಿ ಬರೆದರೆ ಗೊಂದಲ ತಪ್ಪೀತೇ?

ಇನ್ನೊಂದು ಸೋಜಿಗವೆಂದರೆ ಇಂಗ್ಲಿಷಿನಲ್ಲಿ ಈ ಪದದಿಂದ ಹುಟ್ಟಿದ ‘ಚಿಂಟ್ಸಿ’ ಎಂಬ ಗುಣವಾಚಕಕ್ಕೆ ಅಗ್ಗದ್ದು, ಥಳುಕಿನದು ಎಂಬ ಅರ್ಥ ಬಂದಿದೆ. ಅಜ್ಜಿಯೂ ‘ಚೀಟಿ ಅಷ್ಟೇ’ ಎಂದೇ ಹೇಳುತ್ತಿದ್ದರು. ಕಡಲಿನ ಎರಡೂ ದಡಗಳಲ್ಲಿ ಪದದ ಮಾನ ಒಂದೇ ರೀತಿ ಇಳಿದಿದೆ.

ಉಳಿದ ಪದಗಳು ಇಷ್ಟು ಕಾಡಲಿಲ್ಲ. ಹೂಬಳ್ಳಿಯ ಹಿಂದಿನ ಬಿಳಿ ಹರವಿಗೆ ‘ಹಿನ್ನೆಲೆ’ ಎನ್ನುವ ಬದಲು ಸೀರೆಯ ಮಾತಿನಲ್ಲೇ ‘ಬಿಳಿ ಒಡಲು’ ಎಂದಿದ್ದೇನೆ. ದಿಂಬಿನ ಚೌಕುಚೌಕಿನ ವಿನ್ಯಾಸ ‘ಚೌಕಳಿ’ಯಾಯಿತು. ಮನೆಗೆ ‘ಕುಟೀರ’ ಎಂದರೆ ಋಷಿಯೊಬ್ಬ ಬಂದು ಕೂರುತ್ತಾನೆ, ‘ಗುಡಿಸಲು’ ಎಂದರೆ ಕಲ್ಲಿನ ಗೋಡೆ ಬಿದ್ದುಹೋಗುತ್ತದೆ. ‘ಗುಡಿ ಕೈಗಾರಿಕೆ’ಯಲ್ಲಿರುವ ‘ಗುಡಿ’ಯನ್ನು ಎತ್ತಿಕೊಳ್ಳೋಣವೆಂದರೆ ಓದುಗರು ಚಪ್ಪಲಿ ಬಿಟ್ಟು ಒಳಗೆ ಬಂದಾರು. ‘ಹಳ್ಳಿಮನೆ’ಯೇ ಸಾಕು. ಕೋಣೆಯ ಹಿತಕ್ಕೆ ‘ಬೆಚ್ಚನೆಯ’ ಎಂದಿದ್ದೇನೆ. ಮಲೆನಾಡಿನವರು ಒಪ್ಪುತ್ತಾರೆ, ಮೇ ತಿಂಗಳಲ್ಲಿ ಓದುವ ವಿಜಯಪುರದವರ ಮಾತು ಬೇರೆ.

ತುಸು ಅನುಮಾನ ಇರುವುದು ‘ಕೌದಿ’ಯ ಬಗ್ಗೆ. ಮಂಚದ ಮೇಲಿನ ತುಂಡುಬಟ್ಟೆಯ ಹೊದಿಕೆಗೆ ಹಿಂದೆಮುಂದೆ ನೋಡದೆ ಆ ಪದ ಬಳಸಿದೆ. ಆದರೆ ಇಂಗ್ಲಿಷರು ಸಾಮಾನ್ಯವಾಗಿ ತುಂಡುಗಳನ್ನು ಅಳತೆಗೆ ಕತ್ತರಿಸಿ, ಮೊದಲು ಒಂದಕ್ಕೊಂದು ಜೋಡಿಸಿ, ಆಮೇಲೆ ಒಳಪದರವಿಟ್ಟು ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಗೆ ಹಳೆಯ ಸೀರೆಯ ಮೇಲೆ ಸಿಕ್ಕ ತುಂಡನ್ನು ಇಡುತ್ತ ಅಂಚಿನಿಂದ ಒಳಗೆ ಸುತ್ತಿಕೊಂಡು ಹೊಲಿಯುತ್ತಾರೆ. ಹೊಲಿಯುವ ಬಗೆ ಬೇರೆಯಾದರೂ ಹೆಸರು ಒಂದೇ ಇರಬಹುದೇ?

ಹಳೆಯ ಮೈಸೂರು ಮತ್ತು ಕರಾವಳಿಯ ಮನೆಗಳಲ್ಲಿ ಹೂವಿನ ಅಚ್ಚಿನ ಹತ್ತಿಬಟ್ಟೆಗೆ ಏನೆನ್ನುತ್ತಿದ್ದರು? ‘ಚೀಟಿ’ ಎಂಬ ಮಾತನ್ನು ಈ ಅರ್ಥದಲ್ಲಿ ಕೇಳಿದವರಿದ್ದರೆ, ಯಾವ ಊರಿನಲ್ಲಿ, ಯಾವ ಉಡುಪಿಗೆ ಎಂಬುದನ್ನೂ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ನನ್ನ ಕರಡಿನಲ್ಲಿ ಆ ಕಿಟಕಿಗೆ ಪರದೆ ಇಲ್ಲ.